ಒಂದನೇ ಕ್ಲಾಸಿಗೊಂದು ಎಂಟ್ರೆನ್ಸ್

ಜರ್ಮನಿಯಲ್ಲಿ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವ ಮೊದಲು ಸರ್ಕಾರದ ಡಾಕ್ಟರು ಅದನ್ನು ಒಮ್ಮೆ ನೋಡುತ್ತಾರೆ. ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ಒಂಟಿಕಾಲಿನಲ್ಲಿ ನಿಲ್ಲುತ್ತದೆಯೇ, ತ್ರಿಕೋನ ಬರೆಯುತ್ತದೆಯೇ, ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತದೆಯೇ. ಇದರಲ್ಲಿ ಪಾಸು ಫೇಲು ಇಲ್ಲ ಎಂದು ಅವರೇ ಕಾಗದದಲ್ಲಿ ಬರೆದು ಕಳಿಸುತ್ತಾರೆ. ನಮ್ಮ ಜನ ಆ ಒಂದು ವಾಕ್ಯವನ್ನು ಮಾತ್ರ ನಂಬಲಿಲ್ಲ.

ನಾನು ಮಗಳ ಮನೆಗೆ ಬಂದು ನೆಲೆಸಿ ಕೆಲವು ವರ್ಷಗಳಾದವು. ಫ್ರಾಂಕ್‌ಫರ್ಟ್‌ನಿಂದ ಎಸ್-ಬಾನ್ ರೈಲು ಹತ್ತಿ ಕಡೆಯ ಸ್ಟೇಷನ್ನಿಗೆ ಸ್ವಲ್ಪ ಮೊದಲು ಇಳಿದರೆ ನಮ್ಮ ಊರು. ನಮ್ಮ ಬಡಾವಣೆಯಲ್ಲಿ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಸಂಸಾರಗಳು ಎಷ್ಟಿವೆಯೆಂದರೆ, ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಿಂತು ಒಗ್ಗರಣೆಯ ವಾಸನೆಯಿಂದಲೇ ಯಾರ ಮನೆಯಲ್ಲಿ ಏನು ತಿಂಡಿ ಎಂದು ಹೇಳಬಹುದು. ಜರ್ಮನ್ನರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಪಾಪ, ಏನೂ ಅನ್ನುವುದಿಲ್ಲ.

ಮಗಳಿಗೆ ಜಿಲ್ಲೆಯ ಆರೋಗ್ಯ ಕಚೇರಿಯಲ್ಲಿ ಕೆಲಸ. ಅವಳು ಡಾಕ್ಟರಲ್ಲ. ಡಾಕ್ಟರುಗಳು ಮಕ್ಕಳನ್ನು ನೋಡಿ ಬರೆದದ್ದೆಲ್ಲ ಹೆಸರು ಕಳಚಿಕೊಂಡು ಅವಳ ಕಂಪ್ಯೂಟರಿಗೆ ಬರುತ್ತದೆ. ಯಾವ ಬಡಾವಣೆಯಲ್ಲಿ ಹುಳುಕು ಹಲ್ಲು ಹೆಚ್ಚು, ಎಲ್ಲಿಯ ಮಕ್ಕಳು ಓಡಿದರೆ ಏದುಸಿರು ಬಿಡುತ್ತಾರೆ, ಎಲ್ಲಿ ಮಾತು ಹಿಂದೆ ಎಂಬುದನ್ನು ಅವಳು ನೋಡಬೇಕು. ಆಮೇಲೆ ಹಲ್ಲು ಕೆಟ್ಟ ಕಡೆಗೆ ಹಲ್ಲಿನ ನರ್ಸು, ಮಾತು ಹಿಂದಿದ್ದ ಕಡೆಗೆ ಭಾಷೆಯ ಟೀಚರು ಹೋಗುವಂತೆ ಮಾಡಬೇಕು. ಪಬ್ಲಿಕ್ ಹೆಲ್ತ್ ಡೇಟಾ ಎನ್ನುತ್ತಾಳೆ. ನನ್ನ ಕಾಲದಲ್ಲಿ ಕಾನ್ವೆಂಟಿನ ಸಿಸ್ಟರು ನಮ್ಮನ್ನು ಸಾಲಾಗಿ ನಿಲ್ಲಿಸಿ ತಲೆ ನೋಡುತ್ತಿದ್ದರು. ಹೇನಿದ್ದವಳನ್ನು ಮನೆಗೆ ಕಳಿಸುತ್ತಿದ್ದರು. ಪಬ್ಲಿಕ್ ಹೆಲ್ತ್ ಅಲ್ಲಿಗೆ ಮುಗಿಯುತ್ತಿತ್ತು.

ಆ ಕಾನ್ವೆಂಟಿನಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಅವಳು ಮಾತೇ ಆಡುತ್ತಿರಲಿಲ್ಲ. ಆಗ ನಮ್ಮಲ್ಲಿ ಕನ್ನಡ ಆಡಿದರೆ ಫೈನ್. ಇವಳು ಕನ್ನಡವನ್ನೂ ಆಡುವುದಿಲ್ಲವಾದ್ದರಿಂದ ಪ್ರತಿ ವರ್ಷ ಗುಡ್ ಕಂಡಕ್ಟ್ ಪ್ರೈಜ್ ಅವಳಿಗೇ ಬರುತ್ತಿತ್ತು. ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಏನಮ್ಮಾ ನಿನಗೆ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಇಷ್ಟು ವರ್ಷಗಳ ಮೇಲೆ ಅವಳು ನೆನಪಾದದ್ದು ನನ್ನ ಮೊಮ್ಮಗಳಿಂದ.

ಮೊಮ್ಮಗಳಿಗೆ ಆಗ ಐದು ತುಂಬಿತ್ತು. ಮನೆಯಲ್ಲಿ ನನ್ನ ಹತ್ತಿರ ಅರಳು ಹುರಿದ ಹಾಗೆ ಮಾತು. ಎಲ್ಲವೂ ಕನ್ನಡ. ಕಿಟಾ, ಅಂದರೆ ಇಲ್ಲಿಯ ಶಿಶುವಿಹಾರ, ಅದರ ಬಾಗಿಲು ದಾಟಿದರೆ ಬಾಯಿಗೆ ಬೀಗ. ಜರ್ಮನ್ ಅರ್ಥವಾಗುತ್ತಿತ್ತು. ಹೇಳಿದ ಕೆಲಸ ಮಾಡುತ್ತಿದ್ದಳು. ಆದರೆ ಬಾತ್‌ರೂಮಿಗೆ ಹೋಗಬೇಕೆಂದರೂ ಕೇಳದೆ ಒದ್ದೆ ಮಾಡಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದಳು. ಆ ಕಿಟಾಗೆ ವಾರದಲ್ಲಿ ಕೆಲವು ಬೆಳಿಗ್ಗೆ ಒಬ್ಬರು ಭಾಷೆಯ ಟೀಚರು ಬರುತ್ತಿದ್ದರು. ನೆಲದ ಮೇಲೆ ಇವಳ ಪಕ್ಕ ಕೂತು ತಮ್ಮ ಪಾಡಿಗೆ ಬ್ಲಾಕ್ಸ್ ಜೋಡಿಸುತ್ತಿದ್ದರಂತೆ. ಬಹಳ ತಿಂಗಳ ಮೇಲೆ ಇವಳು ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಆ ದಿನ ಮಗಳು ಪಾಯಸ ಮಾಡಿದಳು.

ಅಳಿಯಂದಿರು ಮೈಸೂರಿನವರು. ಎಂಟ್ರೆನ್ಸ್‌ನಲ್ಲಿ ರ‍್ಯಾಂಕ್ ಬಂದವರು. ಅವರ ತಾಯಿ ಅದನ್ನು ಇಂದಿಗೂ ಹೂವಿನವಳಿಗೆ ಹೇಳುತ್ತಾರೆ. ವೀಡಿಯೊ ಕಾಲ್‌ನಲ್ಲಿ ಆಕೆ ಮೊಮ್ಮಗಳಿಗೆ "ಎಲ್ಲಿ, ಸ್ವಲ್ಪ ಜರ್ಮನ್ ಮಾತಾಡು ನೋಡೋಣ" ಎಂದರೆ ಅಳಿಯಂದಿರು ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದರು. ಜರ್ಮನಿಯ ನೆಟ್‌ವರ್ಕ್ ಬಗ್ಗೆ ಮೈಸೂರಿನಲ್ಲಿ ಬಹಳ ಕೆಟ್ಟ ಅಭಿಪ್ರಾಯವಿದೆ.

ಕೋಚಿಂಗ್ ಶುರುವಾದದ್ದು ಹೀಗೆ. ಡಾಕ್ಟರನ್ನು ನೋಡಿ ಬಂದ ಮಗುವಿನ ತಾಯಿಯೊಬ್ಬಳು ಏನೇನು ಕೇಳಿದರೆಂದು ವಾಟ್ಸಪ್ ಗ್ರೂಪಿನಲ್ಲಿ ಹಾಕಿದಳು. ಇನ್ನೊಬ್ಬರು ಅದಕ್ಕೆ ಚಿತ್ರ ಸೇರಿಸಿದರು. ಮತ್ತೊಬ್ಬರು ಉತ್ತರ ಬರೆದು ಪಿಡಿಎಫ್ ಮಾಡಿದರು. ಮುಂದಿನ ವರ್ಷದ ಹೊತ್ತಿಗೆ ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ, ವಾಷಿಂಗ್ ಮೆಷಿನ್‌ಗಳ ನಡುವೆ, ಭಾನುವಾರದ ಕ್ಲಾಸು ನಡೆಯುತ್ತಿತ್ತು. ಒಬ್ಬರು ಡ್ರಾಯಿಂಗ್, ಒಬ್ಬರು ಜರ್ಮನ್. ಬ್ಯಾಲೆನ್ಸ್ ನಮ್ಮ ಅಳಿಯಂದಿರ ಸಬ್ಜೆಕ್ಟು. ಅದರ ಮರುವರ್ಷ ಮೊಮ್ಮಗಳ ಸರದಿ ಬಂದಾಗ ನಾನೂ ಜೊತೆಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ.

"ಒಂಟಿಕಾಲು. ಅಲ್ಲಾಡ್ಬಾರ್ದು. ಕಣ್ಣು ಆ ಪೈಪ್ ಮೇಲೆ" ಎಂದು ಅಳಿಯಂದಿರು ಫೋನಿನಲ್ಲಿ ಟೈಮ್ ನೋಡುತ್ತಿದ್ದರು. ಮಕ್ಕಳು ಕೊಕ್ಕರೆಗಳ ಹಾಗೆ ನಿಂತಿರುತ್ತಿದ್ದವು.

"ಗುರು, ನಿನ್ ಸ್ಟೂಡೆಂಟ್ಸ್ ಎಲ್ಲ ಎಡಗಾಲಲ್ಲಿ ವೀಕು" ಎಂದು ಡ್ರಾಯಿಂಗಿನವನು ಹೇಳಿದ.

"ನೀನು ಮೊದ್ಲು ತ್ರಿಕೋನ ನೋಡ್ಕೊ ಮಗಾ. ನಿನ್ ಮಗನ ತ್ರಿಕೋನ ಇಡ್ಲಿ ಥರ ಇದೆ."

ಜರ್ಮನ್ ಕ್ಲಾಸಿನಲ್ಲಿ ಚಿತ್ರ ತೋರಿಸುವ ಮೊದಲೇ ಮಕ್ಕಳು ಉತ್ತರ ಹೇಳುತ್ತಿದ್ದವು. ಸೇಬು, ಕೆಂಪು, ಗುಂಡಗೆ, ಹಣ್ಣು. ಎಲ್ಲವೂ ಒಂದೇ ಉಸಿರಿಗೆ. ನನ್ನ ಮೊಮ್ಮಗಳು ಸುಮ್ಮನೆ ನಿಂತಿರುತ್ತಿದ್ದಳು. "ಮಾತಾಡ್ದಿದ್ರೂ ಪರ್ವಾಗಿಲ್ಲ ಅತ್ತೆ, ಬೆರಳು ತೋರಿಸಿದ್ರೂ ಮಾರ್ಕ್ಸ್ ಕೊಡ್ತಾರಂತೆ" ಎಂದು ಅಳಿಯಂದಿರು ನನಗೆ ಸಮಾಧಾನ ಹೇಳಿದರು. ಮಗಳಿಗೆ ಇದು ಕಥೆ ಹೇಳುವ ಕ್ಲಾಸು ಎಂದು ಹೇಳಿದ್ದರು. ಅವಳು ಅದೇ ಕಚೇರಿಯವಳಾದ್ದರಿಂದ ಗೊತ್ತಾದರೆ ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಆಗುತ್ತದಂತೆ. ಗಂಡಹೆಂಡಿರ ನಡುವೆ ಬಾಯಿ ಹಾಕಬಾರದೆಂದು ನಾನು ಆ ಇಂಗ್ಲಿಷನ್ನು ಗೌರವಿಸಿದೆ.

ಒಂದು ಸಂಜೆ ಊಟಕ್ಕೆ ಕೂತಾಗ ಮಗಳು ಹೇಳಿದಳು, "ಹೋದ ವರ್ಷದ ನಂಬರ್ಸ್ ಬಂತು. ನಮ್ಮ ಏರಿಯಾ ಮಕ್ಕಳು ಒಂಟಿಕಾಲಲ್ಲಿ ನಿಲ್ಲೋದ್ರಲ್ಲಿ ಇಡೀ ಜಿಲ್ಲೆಗೇ ಮುಂದೆ. ಮನೇಲಿ ಜರ್ಮನ್ ಇಲ್ಲದ ಮಕ್ಕಳು, ಜರ್ಮನ್ ಮಕ್ಕಳಿಗಿಂತ ಚೆನ್ನಾಗಿ ಉತ್ತರ ಹೇಳಿದಾರೆ. ವಿಚಿತ್ರ ಅನ್ಸುತ್ತೆ."

"ಒಳ್ಳೇದಲ್ವಾ" ಎಂದರು ಅಳಿಯಂದಿರು, ಸಾರು ಬಡಿಸಿಕೊಳ್ಳುತ್ತ.

"ಒಳ್ಳೇದೇ. ನಮ್ಮ ಮೇಡಮ್‌ಗೆ ಬಹಳ ಖುಷಿ. ಇಲ್ಲಿ ಅಗತ್ಯ ಇಲ್ಲ ಅಂತ ಭಾಷೆ ಟೀಚರನ್ನ ಬೇಸಿಗೆ ಆದ್ಮೇಲೆ ನದಿ ಆಚೆ ಬಡಾವಣೆಗೆ ಹಾಕ್ತಾರೆ."

"ಯಾವ ಟೀಚರು?"

"ಎಷ್ಟು ಜನ ಇದಾರೆ? ನಮ್ಮ ಪುಟ್ಟಿ ಪಕ್ಕ ಕೂರೋವ್ರೇ." ಮಗಳ ದನಿ ಸಣ್ಣದಾಯಿತು. "ನಾನು ಏನು ಹೇಳ್ಲಿ? ನಂಬರ್ ಹಾಗಿದೆ. ನನ್ನ ಮಗಳಿಗೆ ಬೇಕು ಅಂತ ನಾನು ನಂಬರ್ ಬದಲಾಯಿಸೋಕಾಗುತ್ತಾ?"

ಅಳಿಯಂದಿರು ಸೌಟನ್ನು ಪಾತ್ರೆಗೆ ಹಾಕುವ ಬದಲು ತಮ್ಮ ತಟ್ಟೆಯಲ್ಲೇ ಇಟ್ಟುಕೊಂಡರು. ಊಟ ಮುಗಿದು ಪಾತ್ರೆ ತೊಳೆಯುವಾಗ ಎಲ್ಲವನ್ನೂ ಹೇಳಿದರು. ನಾನು ಹಾಲ್‌ನಲ್ಲಿ ಕೂತು ಕೇಳಿಸಿಕೊಂಡೆ.

"ಸಿಲಬಸ್ ಇತ್ತಾ?" ಎಂದು ಮಗಳು ಕೇಳಿದಳು.

"ಇತ್ತು."

"ಮಾಕ್ ಟೆಸ್ಟು?"

"ಅದೂ ಇತ್ತು."

ಮಗಳು ನಲ್ಲಿ ನಿಲ್ಲಿಸಿದ್ದು ಕೇಳಿಸಿತು. ಆಮೇಲೆ ಹೇಳಿದಳು, "ಜ್ವರ ಬಂದ ಮಗೂನ ಹಾಗೇ ಬಿಟ್ಟು ಥರ್ಮಾಮೀಟರ್‌ಗೆ ತಣ್ಣೀರು ಪಟ್ಟಿ ಹಾಕಿದೀರ ಎಲ್ಲ ಸೇರ್ಕೊಂಡು."

ಮುಂದಿನ ಭಾನುವಾರ ನೆಲಮಾಳಿಗೆಯಲ್ಲಿ ಅಪ್ಪಂದಿರ ತುರ್ತು ಸಭೆ ಸೇರಿತು. ಟೀಚರು ಹೋಗುತ್ತಾರೆಂದು ಅಳಿಯಂದಿರು ಹೇಳಿದರು. ಎಲ್ಲರಿಗೂ ಬೇಸರವಾಯಿತು. ನಮ್ಮವರಿಗೆ ಬೇಸರವಾದರೆ ಪರಿಹಾರವೂ ತಕ್ಷಣ ಹೊಳೆಯುತ್ತದೆ. ಈ ವರ್ಷದ ಬ್ಯಾಚನ್ನು ಕಡಿಮೆ ಮಾರ್ಕ್ಸ್ ತೆಗೆಯುವಂತೆ ತಯಾರು ಮಾಡುವುದು.

"ತೀರಾ ಕಡಿಮೆ ಬೇಡ ಗುರು, ಬೇರೆ ಸ್ಕೂಲಿಗೆ ಹಾಕ್ಬಿಟ್ರೆ? ಒಂದು ಸೇಫ್ ಸ್ಕೋರ್ ಇರ್ಲಿ."

"ಲ್ಯಾಂಗ್ವೇಜ್ ಮಾತ್ರ ಇಳಿಸೋಣ. ಬ್ಯಾಲೆನ್ಸ್ ಯಾಕೆ ಬಿಟ್ಕೊಡ್ಬೇಕು?"

ಆ ದಿನದ ಜರ್ಮನ್ ಕ್ಲಾಸಿನಲ್ಲಿ ಒಬ್ಬ ಹುಡುಗ ಎಂದಿನಂತೆ ಸೇಬು, ಕೆಂಪು, ಗುಂಡಗೆ ಎಂದ. ಅವರಪ್ಪ "ಅಷ್ಟೆಲ್ಲ ಹೇಳ್ಬೇಡ, ಸೇಬು ಅಂತ ಮಾತ್ರ ಹೇಳು, ಸ್ವಲ್ಪ ಯೋಚ್ನೆ ಮಾಡಿ ಹೇಳು" ಎಂದು ಗದರಿದ. ಹೋದ ವಾರ ಗುಂಡಗೆ ಎನ್ನುವುದನ್ನು ಮರೆತದ್ದಕ್ಕೆ ಬೈಸಿಕೊಂಡಿದ್ದ ಹುಡುಗ ಅವನು. ಅಪ್ಪನ ಮುಖವನ್ನೇ ನೋಡುತ್ತ ನಿಂತ. ಪೂರ್ ಥಿಂಗ್.

ಈ ಸಲ ಅಳಿಯಂದಿರು ಮನೆಗೆ ಬಂದು ತಾವಾಗಿಯೇ ಮಗಳಿಗೆ ಹೇಳಿದರು. ಅವಳು "ಅದೂ ಸುಳ್ಳೇ ಅಲ್ವಾ" ಎಂದಳು.

"ಹಾಗಾದ್ರೆ ಏನ್ ಮಾಡ್ಬೇಕು ಹೇಳು."

"ಏನೂ ಮಾಡ್ಬೇಡ. ಅವಳು ಹೇಗಿದಾಳೋ ಹಾಗೇ ಕರ್ಕೊಂಡ್ ಹೋಗು."

ನಾನು ಕಂಡ ಹಾಗೆ ಆ ಮನುಷ್ಯನಿಗೆ ಅಷ್ಟು ಕಷ್ಟದ ಹೋಂವರ್ಕ್ ಯಾರೂ ಕೊಟ್ಟಿರಲಿಲ್ಲ.

ಡಾಕ್ಟರ ಹತ್ತಿರ ಹೋಗುವ ದಿನ ಮಗಳು ಬರುವಂತಿರಲಿಲ್ಲ, ಅವಳ ಕಚೇರಿಯದೇ ಕೆಲಸವಲ್ಲವೇ. ಅಳಿಯಂದಿರ ಜೊತೆ ನಾನು ಹೋದೆ. ಡಾಕ್ಟರು ಬೆಳ್ಳಿ ಕೂದಲಿನ ಹೆಂಗಸು, ಅವಸರವಿಲ್ಲದವರು. ಮೊಮ್ಮಗಳು ಒಂಟಿಕಾಲಿನಲ್ಲಿ ನಿಂತಳು. ಡಾಕ್ಟರು ಸಾಕು ಎಂದರೂ ನಿಂತೇ ಇದ್ದಳು. ತ್ರಿಕೋನ ಬರೆದಳು. ಆಮೇಲೆ ಡಾಕ್ಟರು ಚಿತ್ರ ತೋರಿಸಿ ಇದೇನು ಎಂದರು. ಮಗು ನೆಲ ನೋಡಿತು. ಇನ್ನೊಂದು ಚಿತ್ರ. ಮಗು ನೆಲವನ್ನೇ ನೋಡಿತು. ಪಕ್ಕದಲ್ಲಿ ಅಳಿಯಂದಿರ ತುಟಿ ತಾನಾಗಿ ಅಲ್ಲಾಡುತ್ತಿತ್ತು. ನಾನು ಅವರ ಕೋಟಿನ ತೋಳನ್ನು ಮೆಲ್ಲಗೆ ಜಗ್ಗಿದೆ.

ಡಾಕ್ಟರು ಚಿತ್ರ ಬದಿಗಿಟ್ಟು ಅಳಿಯಂದಿರನ್ನು ಏನೋ ಕೇಳಿದರು. ಮನೆಯಲ್ಲಿ ಮಾತಾಡುತ್ತಾಳಾ ಎಂದು ಕೇಳಿದರಂತೆ. ಅಳಿಯಂದಿರು ನನ್ನ ಮುಖ ನೋಡಿದರು. "ನಿಜ ಹೇಳಿ, ನಿಮಗೇನೂ ಆಗಲ್ಲ" ಎಂದೆ. ಅವರು ಹೇಳಿದರು. ಮೊದಲು ಒಂದು ವಾಕ್ಯ, ಆಮೇಲೆ ನಿಲ್ಲಿಸಲಾಗಲಿಲ್ಲ. ಒದ್ದೆ ಬಟ್ಟೆಯ ವಿಷಯ, ಪಿಸುಮಾತಿನ ವಿಷಯ, ಆ ಟೀಚರ ವಿಷಯ. ನನಗೆ ಜರ್ಮನ್ ಬಾರದಿದ್ದರೂ ಎಲ್ಲಿಗೆ ಬಂದರೆಂದು ಅವರ ದನಿಯಿಂದ ತಿಳಿಯುತ್ತಿತ್ತು. ಡಾಕ್ಟರು ಬರೆದುಕೊಂಡರು. ಈ ಮಗುವಿಗೆ ಆ ಟೀಚರ ಸಹಾಯ ಬೇಕೇ ಬೇಕು, ನಾನು ಬರೆಯುತ್ತೇನೆ, ಆದರೆ ಟೀಚರು ಎಲ್ಲಿರಬೇಕು ಎನ್ನುವುದು ನನ್ನ ಕೈಲಿಲ್ಲ, ಒಂದು ಮಗುವಿನ ಮೇಲೆ ಅದು ನಿಲ್ಲುವುದಿಲ್ಲ ಎಂದರಂತೆ.

ಹಾಗಾಗಿ ಅಳಿಯಂದಿರು ಕಿಟಾದ ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತರು. ನಾನೂ ಹೋಗಿದ್ದೆ, ಅಲ್ಲಿ ಕೇಕ್ ಇರುತ್ತದೆ. ದೊಡ್ಡವರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದೆವು. ಮಗಳ ಕಚೇರಿಯ ಮೇಡಮ್ ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ತೋರಿಸಿದರು. ನಮ್ಮ ಬಡಾವಣೆ ಕಡುಹಸಿರು. ಎಲ್ಲರಿಗೂ ಅಭಿನಂದನೆ ಎಂದರು. ಅಳಿಯಂದಿರು ಹೇಳಿದ್ದನ್ನು ಮಗಳು ನನ್ನ ಕಿವಿಯಲ್ಲಿ ಕನ್ನಡಕ್ಕೆ ತಂದಳು.

"ಆ ಹಸಿರು ನಿಜವಲ್ಲ ಅಂತಿದಾನೆ. ನಾವು ಕೋಚಿಂಗ್ ಕೊಟ್ವಿ ಅಂತಿದಾನೆ. ಬ್ಯಾಲೆನ್ಸ್ ನಾನೇ ಹೇಳ್ಕೊಟ್ಟಿದ್ದು ಅಂತ." ಸ್ವಲ್ಪ ತಡೆದು ಹೇಳಿದಳು, "ನನ್ನ ಮಗಳು ಇಲ್ಲಿ ಮಾತಾಡಲ್ಲ, ಆ ಟೀಚರ್ ಹೋದ್ರೆ ಯಾವತ್ತಿಗೂ ಮಾತಾಡಲ್ಲ ಅಂತ ಹೆದರಿಕೆ ಅಂತಿದಾನೆ."

ಮೇಡಮ್ ಅರ್ಥವಾಗದೆ ಕೇಳಿದರು, ಒಂಟಿಕಾಲಿನಲ್ಲಿ ನಿಲ್ಲುವುದಕ್ಕೆ ಕೋಚಿಂಗ್ ಯಾಕೆ?

ಅಡ್ಮಿಷನ್‌ಗೆ ಎಂದರು ಅಳಿಯಂದಿರು.

ಆದರೆ ಅಡ್ಮಿಷನ್ ಎಲ್ಲ ಮಕ್ಕಳಿಗೂ ಇದೆಯಲ್ಲ?

ಗೊತ್ತು ಎಂದರು ಅಳಿಯಂದಿರು.

ಜರ್ಮನ್ ತಂದೆತಾಯಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮವರು ತಲೆ ತಗ್ಗಿಸಿ ಪುಟ್ಟ ಕುರ್ಚಿಗಳನ್ನು ಪರೀಕ್ಷಿಸುತ್ತಿದ್ದರು. ಆಮೇಲೆ ಹಿಂದಿನಿಂದ ಡ್ರಾಯಿಂಗಿನವನು ಕೈ ಎತ್ತಿದ. ಇವನೂ ಒಪ್ಪಿಕೊಳ್ಳುತ್ತಾನೆಂದು ನಾನು ಕೇಕಿನ ತಟ್ಟೆ ಕೆಳಗಿಟ್ಟು ತಿರುಗಿ ಕೂತೆ. ಅವನು ಕೇಳಿದ್ದು ಇಷ್ಟು, ಆ ಟೀಚರ ಹತ್ತಿರ ಒಟ್ಟು ಎಷ್ಟು ಸೀಟುಗಳಿವೆ, ಯಾವ ಆಧಾರದ ಮೇಲೆ ಕೊಡುತ್ತಾರೆ? ಅವನ ಪಕ್ಕದವಳು, ನಮ್ಮ ಮಗನೂ ವೀಕು, ಬರವಣಿಗೆಯಲ್ಲಿ ಬೇಕಾದರೂ ಕೊಡುತ್ತೇವೆ ಎಂದಳು. ನೋಡನೋಡುತ್ತ ಇಡೀ ಬಡಾವಣೆ ವೀಕಾಯಿತು. ಮೇಡಮ್ ನಕ್ಷೆಯನ್ನು ಆರಿಸಿ ನೀರು ಕುಡಿದರು.

ಕೋಚಿಂಗ್ ಪಡೆದ ಮಕ್ಕಳನ್ನೆಲ್ಲ ಇನ್ನೊಮ್ಮೆ ನೋಡುವುದೆಂದು, ಅಲ್ಲಿಯವರೆಗೆ ಟೀಚರನ್ನು ಕದಲಿಸುವುದಿಲ್ಲವೆಂದು ಕಚೇರಿಯಿಂದ ಕಾಗದ ಬಂತು. ನೋಡಿದ ಮೇಲೆ ನಮ್ಮ ಬಡಾವಣೆ ಬಣ್ಣ ಕಳೆದುಕೊಂಡಿತು. ಟೀಚರು ಉಳಿದರು. ನದಿಯ ಆಚೆಯವರಿಗೂ ಒಬ್ಬರು ಬೇಕು, ಅದಕ್ಕೆ ಮಗಳು ಈಗ ಹೊಡೆದಾಡುತ್ತಿದ್ದಾಳೆ.

ಚಳಿಗಾಲದಲ್ಲಿ, ಅವಳು ಒಂದನೇ ಕ್ಲಾಸಿಗೆ ಸೇರಲು ಇನ್ನೂ ಕೆಲವು ತಿಂಗಳಿರುವಾಗ, ಒಂದು ದಿನ ಕಿಟಾದಿಂದ ಫೋನ್ ಬಂತು. ಮೊಮ್ಮಗಳು ಸಲಿಕೆ ಕಿತ್ತುಕೊಂಡ ಹುಡುಗನಿಗೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದಿದ್ದಳು. ಅವರು ಕ್ಷಮೆ ಕೇಳುವ ದನಿಯಲ್ಲಿ ಹೇಳುತ್ತಿದ್ದರೆ ಅಳಿಯಂದಿರು ಏನು ಬೈದಳು, ಎಷ್ಟು ಜೋರಾಗಿ, ಪೂರ್ತಿ ವಾಕ್ಯವೇ ಎಂದೆಲ್ಲ ವಿಚಾರಿಸಿಕೊಂಡರು. ತಕ್ಷಣ ಮೈಸೂರಿಗೆ ಫೋನ್ ಮಾಡಿದರು.

"ಅಮ್ಮ, ಅವಳು ಕಿಟಾದಲ್ಲಿ ಇಷ್ಟು ದಿನ ಮಾತಾಡ್ತಿರ್ಲಿಲ್ಲ. ನೆಟ್‌ವರ್ಕ್ ಅಲ್ಲ. ಇವತ್ತು ಬೈದಳಂತೆ."

ಸ್ಪೀಕರಿನಲ್ಲಿ ಆಕೆಯ ದನಿ ಬಂತು. "ಜರ್ಮನ್‌ನಲ್ಲಾ?"

"ಹೂಂ."

"ತಪ್ಪಿಲ್ದೇನಾ?"

ಈಗ ಅವಳ ಜರ್ಮನ್‌ಗೆ ತಡೆಯಿಲ್ಲ. ಮನೆಯಲ್ಲೂ ಅದೇ, ನನ್ನ ಹತ್ತಿರವೂ ಅದೇ. ಐ ಆಮ್ ಗ್ಲಾಡ್, ನಿಜವಾಗಿಯೂ. ಮಧ್ಯಾಹ್ನ ಬಂದು ಷೂ ಬಿಚ್ಚುತ್ತ ಅವಳು ಹೇಳುವ ಸುದ್ದಿಯಲ್ಲಿ ಅರ್ಧಕ್ಕರ್ಧ ನನಗೆ ತಿಳಿಯುವುದಿಲ್ಲ. ಯೆಸ್, ಯೆಸ್ ಎನ್ನುತ್ತೇನೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಾಳೆ, ಸ್ವಲ್ಪ ಚಿಕ್ಕದು ಮಾಡಿ.