ಇಳೀರಿ ಅಂದವಳು

ಬೆಳಿಗ್ಗೆ ಎದ್ದು ನಮ್ಮಮ್ಮ ಮಾಡುವ ಮೊದಲ ಕೆಲಸ ಅಪ್ಪನ ಅಂಗಿಗೆ ಗುಂಡಿ ಹಾಕುವುದು. ಅಪ್ಪ ಮಂಚದ ಅಂಚಿನಲ್ಲಿ ಗದ್ದ ಎತ್ತಿಕೊಂಡು ಕೂತಿರುತ್ತಾರೆ. ಅಮ್ಮ ಕೆಳಗಿನಿಂದ ಮೇಲಕ್ಕೆ ಗುಂಡಿ ಹಾಕುತ್ತಾ ಯಾರನ್ನಾದರೂ ಬೈಯುತ್ತಿರುತ್ತಾಳೆ. ಹಾಲಿನವನನ್ನು, ನಲ್ಲಿ ರಿಪೇರಿಗೆ ಬರುತ್ತೇನೆಂದು ಹೇಳಿ ಬಾರದವನನ್ನು, ಯಾರೂ ಸಿಗದಿದ್ದರೆ ನನ್ನನ್ನು. ಅಪ್ಪ ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಅವರ ಎರಡೂ ಕೈಗಳಲ್ಲಿ ಹೆಬ್ಬೆರಳು ಬಿಟ್ಟು ಉಳಿದ ಬೆರಳೆಲ್ಲ ಗೆಣ್ಣಿನ ಹತ್ತಿರವೇ ಮುಗಿದುಹೋಗಿವೆ.

ಜನರನ್ನು ಬೆಟ್ಟ ಹತ್ತಿಸುವುದು ನಮ್ಮ ಮನೆಯ ಕಸುಬು. ಅಪ್ಪ ಗೈಡ್ ಆಗಿದ್ದರು. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಮೊನ್ನೆ ಮೊನ್ನೆಯವರೆಗೂ ಗೈಡ್. ಅಮ್ಮನೂ ಅಲ್ಲಿಯವರೆಗೆ ಬೆಟ್ಟದ ಬುಡದ ಬೇಸ್ ಕ್ಯಾಂಪಿನ ಅಡುಗೆಯವಳು, ನಾನು ಅಲ್ಲೇ ವಾಕಿಟಾಕಿ ಹಿಡಿದು ಮೇಲೆ ಹೋದವರ ಜೊತೆ ಮಾತಾಡುವವಳು. ಇಷ್ಟು ಜನಕ್ಕೂ ಕೆಲಸ ಕೊಟ್ಟವರು ಒಬ್ಬರೇ ಮಾಲೀಕರು. ಒಂದು ಕಾಲಕ್ಕೆ ಅಪ್ಪನೂ ಅವರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತಿದವರು. ಅಪ್ಪನ ಬೆರಳು ಹೋದ ಮೇಲೆ ಅವರು ಮನೆಗೆ ಬಂದು ಕಣ್ಣಲ್ಲಿ ನೀರು ಹಾಕಿಕೊಂಡು ಅಮ್ಮನಿಗೆ ಸೌಟು ಕೊಟ್ಟುಹೋದರು. ಈಗ ಅವರಿಗೆ ಗಾಜಿನ ಬಾಗಿಲಿನ ಆಫೀಸಿದೆ, ನಮ್ಮ ಕಷ್ಟ ಮಾತ್ರ ಕಾಣುವುದಿಲ್ಲ.

ಈ ಕಸುಬಿನಲ್ಲಿ ಒಂದು ದರಿದ್ರ ಪದ್ಧತಿ ಇದೆ. ಸಾಕು, ಇಳಿಯೋಣ ಅನ್ನುವ ಮಾತು ಗಿರಾಕಿಯ ಬಾಯಿಂದಲೇ ಬರಬೇಕು. ಹಾಗಂತ ಎಲ್ಲೂ ಬರೆದಿಲ್ಲ. ಕೇಳಿದರೆ ಎಲ್ಲರೂ ಗೈಡ್ ಮಾತೇ ಕೊನೆಯ ಮಾತು ಅನ್ನುತ್ತಾರೆ. ಆದರೆ ಆ ಕೊನೆಯ ಮಾತು ಆಡಿದವನ ಬಗ್ಗೆ ಗಿರಾಕಿ ಊರಿಗೆ ಹೋಗಿ ‘ಅವನಿಗೆ ದಮ್ಮಿಲ್ಲ’ ಅಂತ ನಾಲ್ಕು ಜನಕ್ಕೆ ಹೇಳುತ್ತಾನೆ, ಮುಂದಿನ ವರ್ಷ ಆ ಗೈಡಿಗೆ ಫೋನು ಬರುವುದಿಲ್ಲ. ಅದಕ್ಕೇ ನಮ್ಮವರು ನಾಟಕ ಕಲಿತಿದ್ದಾರೆ. ಹೆಜ್ಜೆ ನಿಧಾನ ಮಾಡುತ್ತಾರೆ, ಬಿಗಿಯಾಗಿರುವ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾರೆ, ಮೋಡದ ಕಡೆ ನೋಡಿ ಕೆಮ್ಮುತ್ತಾರೆ. ಸೂಕ್ಷ್ಮ ಇರುವ ಗಿರಾಕಿ ತಾನಾಗಿಯೇ ಇಳಿಯೋಣ ಅನ್ನುತ್ತಾನೆ.

ಅಪ್ಪನ ಗಿರಾಕಿಗೆ ಆ ಸೂಕ್ಷ್ಮ ಇರಲಿಲ್ಲ. ತುದಿಯ ಹತ್ತಿರ ಅವನು ಬಿಚ್ಚಿಟ್ಟಿದ್ದ ಎರಡೂ ಕೈಗವಸು ಗಾಳಿಗೆ ಹಾರಿಹೋದವು. ಆಗಲೂ ಇಳಿಯೋಣ ಅನ್ನಲಿಲ್ಲ, ಅಪ್ಪನ ಮುಖ ನೋಡಿದ. ಅಪ್ಪ ತಮ್ಮ ಎರಡೂ ಕೈಗವಸು ಬಿಚ್ಚಿ ಕೊಟ್ಟರು, ಇಳಿಯುವಷ್ಟರಲ್ಲಿ ಹಿಮದ ಚಳಿಗೆ ಅವರ ಬೆರಳು ಸತ್ತುಹೋಗಿದ್ದವು. ಶಿಖರದ ಮೇಲೆ ಹೆಬ್ಬೆರಳು ಎತ್ತಿ ನಿಂತ ಅವನ ಫೋಟೋ ಈಗಲೂ ಮಾಲೀಕರ ಕುರ್ಚಿಯ ಹಿಂದೆ ತೂಗುತ್ತಿದೆ. ಆ ಹೆಬ್ಬೆರಳ ಮೇಲಿರುವುದು ನಮ್ಮಪ್ಪನ ಕೈಗವಸು. ಅಮ್ಮ ಆಫೀಸಿಗೆ ಹೋದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದಳು.

ಈ ವರ್ಷ ಬಂದ ಗಿರಾಕಿ ದೊಡ್ಡ ದೊಡ್ಡ ಕಂಪನಿಗಳಲ್ಲಿ ಭಾಷಣ ಮಾಡುವವರು. ಛಲ ಬಿಡಬೇಡಿ, ಹಿಂದೆ ತಿರುಗಿ ನೋಡಬೇಡಿ ಅನ್ನುವುದೇ ಅವರ ಭಾಷಣ, ಅದಕ್ಕೆ ಜನ ಚಪ್ಪಾಳೆ ಹೊಡೆಯುತ್ತಾರಂತೆ. ನಮ್ಮ ಮಾವ ಮೊದಲನೇ ದಿನವೇ ಅವರಿಗೆ ಛಲಪತಿ ಅಂತ ಹೆಸರಿಟ್ಟ. ಹಿಮಾಲಯದ ಹೆಸರುವಾಸಿ ಶಿಖರಗಳಿಗೆಲ್ಲ ಈಗ ಕಂಡಕಂಡವರು ಹೋಗಿಬರುವುದರಿಂದ ಅವರಿಗೆ ಯಾರೂ ಕೇಳಿಲ್ಲದ್ದೇ ಬೇಕಿತ್ತು. ಮಾಲೀಕರು ಗೂನಿಯನ್ನು ತೋರಿಸಿದರು. ನಕ್ಷೆಯಲ್ಲಿ ಅದಕ್ಕೆ ಹೆಸರಿಲ್ಲ, ಎತ್ತರದ ಅಂಕಿ ಮಾತ್ರ ಇದೆ. ದೊಡ್ಡ ಶಿಖರಗಳ ಬೆನ್ನ ಹಿಂದೆ ಗೂನು ಬಗ್ಗಿಸಿ ಕೂತಿರುವುದರಿಂದ ನಾವು ಗೂನಿ ಅನ್ನುತ್ತೇವೆ. ಚಿಕ್ಕದು ಅಂತ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ದಾರಿ ಉದ್ದ, ಹತ್ತಿದಷ್ಟೇ ಹೊತ್ತು ಇಳಿಯುವುದಕ್ಕೂ ಬೇಕು. ಅದಕ್ಕೇ ಮಾಲೀಕರದ್ದೇ ನಿಯಮ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಸರಿ, ಹಿಂದಕ್ಕೆ.

ಅವತ್ತು ಮೇಲೆ ಇದ್ದವರು ಇಬ್ಬರೇ, ಮಾವ ಮತ್ತು ಛಲಪತಿ. ಅಮ್ಮ ಅಡುಗೆ ಟೆಂಟಿನಲ್ಲಿ ಸೂಪು ಕುದಿಸುತ್ತಿದ್ದಳು. ಒಂದು ಗಂಟೆ ಆಯಿತು. ನಾನು ವಾಕಿಟಾಕಿಯಲ್ಲಿ ಕೇಳಿದೆ, “ಮಾವ, ಎಲ್ಲಿದೀರಾ?”

“ತುದಿ ಕಾಣ್ತಿದೆ. ಸಾರ್ ಚೆನ್ನಾಗಿದಾರೆ. ಇಲ್ಲಿ ಸ್ವಲ್ಪ ಹಗ್ಗ ಸರಿ ಮಾಡ್ತಿದೀನಿ.”

ಅಮ್ಮನ ಸೌಟು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಇನ್ನೂ ಹಗ್ಗ ಸರಿ ಮಾಡುತ್ತಿದ್ದ. ಮತ್ತೆ ಕೇಳಿದಾಗ ಕೆಮ್ಮಿದ. ಗುಂಡುಕಲ್ಲಿನ ಹಾಗೆ ಇರುವ ಮಾವನಿಗೆ ಎಂಥ ಕೆಮ್ಮು? ಎರಡು ಗಂಟೆಯೂ ದಾಟಿತ್ತು. ಅಷ್ಟರಲ್ಲಿ ಛಲಪತಿಯ ದನಿ ಬಂತು, ಏದುಸಿರು ಬಿಡುತ್ತಾ, ಆದರೂ ವೇದಿಕೆ ಮೇಲೆ ನಿಂತ ಧಾಟಿಯಲ್ಲೇ. “ನಾವು ಹಿಂದೆ ಬರೋರಲ್ಲ ಮೇಡಂ! ತುದಿ ಮುಟ್ಟೇ ಬರ್ತೀವಿ!”

ನಾವು ಅಂತೆ! ಪಕ್ಕದಲ್ಲಿ ನಿಂತವನನ್ನು ಒಂದು ಮಾತು ಕೇಳಿದ್ದಾನಾ ಈ ಮನುಷ್ಯ?

ಅಮ್ಮ ನನ್ನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು.

“ಸಾರ್, ನಾನು ಅಡುಗೆಯವಳು. ಗಂಟೆ ದಾಟಿದೆ, ಇಳೀರಿ.”

“ಅಮ್ಮಾ, ಛಲ ಅನ್ನೋದು—”

“ನಿಮ್ಮ ಛಲಕ್ಕೆ ಬೆಂಕಿ ಬೀಳ! ನಿಮ್ಮ ಪಕ್ಕ ನಿಂತಿದಾನಲ್ಲ, ಅವನು ನನ್ನ ತಮ್ಮ. ಅವನಿಗೆ ಇಳಿಯೋಣ ಅನ್ನೋಕೆ ಬಾಯಿ ಇಲ್ಲ. ಅಂದುಬಿಟ್ರೆ ಮುಂದಿನ ವರ್ಷ ಅವನಿಗೆ ಕೆಲಸ ಇಲ್ಲ. ಅದಕ್ಕೇ ಹಗ್ಗ ಬಿಚ್ಚಿ ಕಟ್ತಾ ಕೂತಿದಾನೆ, ಕೆಮ್ತಿದಾನೆ. ಇಷ್ಟು ಓದಿದೀರಲ್ಲ, ಅಷ್ಟೂ ತಿಳಿಯಲ್ವಾ? ಲೋ ತಮ್ಮಾ, ನಿನ್ನ ಕೈಗವಸು ಏನಾದ್ರೂ ಬಿಚ್ಚಿ ಕೊಟ್ಯೋ, ಬೆರಳು ಹೋಗೋ ಮುಂಚೆ ನಾನೇ ನಿನ್ನ ಕಾಲು ಮುರೀತೀನಿ! ಇಳೀರೋ ಇಬ್ರೂ!”

ಆ ಕಣಿವೆಯಲ್ಲಿ ಇನ್ನೊಂದು ತಂಡದ ಕ್ಯಾಂಪೂ ಇತ್ತು. ಅವರದ್ದೂ ನಮ್ಮದೂ ಒಂದೇ ಚಾನೆಲ್ಲು. ಆ ಕ್ಯಾಂಪಿನ ಯಾರೋ ನಗು ತಡೆಯಲಾರದೆ ಅಂದ, “ಸಾರ್, ಅಮ್ಮನ ಕೈಯಲ್ಲಿ ಇನ್ನೂ ಬೈಸ್ಕೋಬೇಡಿ, ಇಳೀರಿ.” ನಾಲ್ಕಾರು ಜನ ಒಟ್ಟಿಗೆ ನಕ್ಕದ್ದೂ ಕೇಳಿಸಿತು.

ಛಲಪತಿ ಇಳಿದರು. ತುದಿಯನ್ನು ಕಣ್ಣಳತೆಯಲ್ಲಿ ಬಿಟ್ಟು, ಅಡುಗೆಯವಳ ಮಾತಿಗಲ್ಲ, ಆ ನಗುವಿಗೆ ಹೆದರಿ ಇಳಿದರು ಅಂತ ನನ್ನ ಲೆಕ್ಕ. ಇಬ್ಬರೂ ಕ್ಯಾಂಪು ಮುಟ್ಟಿದಾಗ ಅಮ್ಮ ಮಾವನ ಕೈಗವಸು ಎಳೆದು ಬಿಸಾಕಿ, ಒಂದೊಂದೇ ಬೆರಳು ಹಿಡಿದು ಹಿಂಡಿ ನೋಡಿದಳು. ಹತ್ತೂ ಕೆಂಪಗೆ ಬೆಚ್ಚಗಿದ್ದವು. ಮಾವ ಕೈ ಕಿತ್ತುಕೊಂಡು ಟೆಂಟಿಗೆ ಹೋದ, ಸೂಪು ಕುಡಿಯಲಿಲ್ಲ.

ಗ್ರಹಚಾರ ನೋಡಿ, ಆ ಸಂಜೆ ಗಾಳಿ ಏಳಲಿಲ್ಲ, ಒಂದು ಚೂರು ಮೋಡ ಬರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ಸಣ್ಣ ಬಿರುಗಾಳಿ ಬಂದಿದ್ದರೂ ಅಮ್ಮ ದೇವತೆ ಆಗಿಬಿಡುತ್ತಿದ್ದಳು. ಬರಲಿಲ್ಲವಾದ್ದರಿಂದ ಬಾಯಿಬಡುಕಿ ಆದಳು.

ಕೆಳಗೆ ಬಂದ ಮೇಲೆ ಛಲಪತಿ ಮಾಲೀಕರಿಗೆ ದೂರು ಕೊಟ್ಟರು. ಅಡುಗೆಯವಳಿಂದ ಶಿಖರ ತಪ್ಪಿತು, ಎಲ್ಲರೆದುರು ಅವಮಾನ ಆಯಿತು, ಗೈಡ್‌ಗೆ ಅಕ್ಕನನ್ನು ಸುಮ್ಮನಿರಿಸುವ ತಾಕತ್ತಿಲ್ಲ. ಮಾಲೀಕರು ಹೇಳಿ ಕಳಿಸಿದರು. ಅಮ್ಮನ ಕೆಲಸ ಹೇಗೂ ಹೋಯಿತು. ಆದರೆ ಅವಳು ಆಫೀಸಿಗೆ ಬಂದು ಸಾಹೇಬರಲ್ಲಿ ಕ್ಷಮೆ ಕೇಳಿದರೆ ಮಾವನನ್ನು ಉಳಿಸಿಕೊಳ್ಳುತ್ತಾರೆ.

ಮಾವನ ಹೆಂಡತಿ ನಮ್ಮ ಮನೆಗೆ ಬಂದು ಅಡುಗೆಮನೆ ನೆಲದ ಮೇಲೆ ಕೂತು ಅತ್ತಳು. “ಅತ್ತಿಗೆ, ಒಂದು ಮಾತು. ಬಾಯಿ ಮಾತು. ಹೊಟ್ಟೆಗೇನೂ ಕಮ್ಮಿ ಆಗಲ್ಲ ನಿಮಗೆ. ನಮಗೆ ಆಗತ್ತೆ.”

“ಕೇಳ್ತೀನಿ ಬಿಡೇ, ಅಳಬೇಡ,” ಅಂದಳು ಅಮ್ಮ. ಜೀವಮಾನದಲ್ಲಿ ಯಾರಲ್ಲೂ ಕ್ಷಮೆ ಕೇಳದ ಹೆಂಗಸು. ಆಫೀಸಿಗೆ ಹೋಗುವ ದಿನ ಬೆಳಿಗ್ಗೆ ಅಪ್ಪನ ಗುಂಡಿ ಹಾಕುವಾಗ ಯಾರನ್ನೂ ಬೈಯಲಿಲ್ಲ. ಅಪ್ಪ ಹೂಂ ಅನ್ನಲು ಕಾದು ಕಾದು ಕೊನೆಗೆ ತಾವೇ ಅಂದರು, “ಹೋಗಿ ಹೇಳಿ ಬಂದ್ಬಿಡು. ಅವನಿಗೂ ಸಂಸಾರ ಇದೆ.”

ನಾನೂ ಜೊತೆಗೆ ಹೋದೆ. ಮಾಲೀಕರು, ಪಕ್ಕದಲ್ಲಿ ಛಲಪತಿ, ಬಾಗಿಲ ಹತ್ತಿರ ನೆಲ ನೋಡುತ್ತಾ ಮಾವ. ಛಲಪತಿಯ ಎದುರಿಗೆ ಲ್ಯಾಪ್‌ಟಾಪು ತೆರೆದಿತ್ತು. ನಾವು ಒಳಗೆ ಹೋದಾಗ ಅವರು ಮಾಲೀಕರಿಗೆ ತಮ್ಮ ಹೊಸ ಭಾಷಣದ ವಿಡಿಯೋ ತೋರಿಸುತ್ತಿದ್ದರು, ನಿಲ್ಲಿಸಲೂ ಇಲ್ಲ. ಬೆನ್ನ ಹಿಂದೆ ಗೂನಿಯ ದೊಡ್ಡ ಚಿತ್ರ, ಕಿವಿಯ ಹತ್ತಿರ ಮೈಕು. “ತುದಿ ಕೈಗೆಟಕುವಷ್ಟು ಹತ್ತಿರ ಇತ್ತು,” ವಿಡಿಯೋದಲ್ಲಿ ಛಲಪತಿ ಹೇಳುತ್ತಿದ್ದರು. “ಆಗ ನನ್ನ ಗೈಡ್ ಕಡೆ ನೋಡಿದೆ. ಅವನಿಗೂ ಒಂದು ಸಂಸಾರ ಇದೆ ಅನ್ನಿಸಿತು. ನಾನು ನಿರ್ಧಾರ ಮಾಡಿದೆ. ಇಳಿಯೋಣ ಅಂದೆ. ಇಳಿಯೋಕೆ ಹತ್ತೋದಕ್ಕಿಂತ ಹೆಚ್ಚು ಧೈರ್ಯ ಬೇಕು ಸ್ನೇಹಿತರೇ.”

ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ಕಸಿದುಕೊಂಡ ಮಾತನ್ನು ಮಾರಿ, ಆ ಮಾತು ಆಡಿದವಳ ಮೇಲೆ ದೂರನ್ನೂ ಕೊಟ್ಟಿದ್ದ!

ಮಾಲೀಕರು ಗಡಿಬಿಡಿಯಿಂದ ವಿಡಿಯೋ ನಿಲ್ಲಿಸಿದರು. “ಬಾರಮ್ಮ, ಕೂತ್ಕೋ. ಸಾಹೇಬರು ದೊಡ್ಡ ಮನಸ್ಸು ಮಾಡಿದಾರೆ. ಒಂದು ಮಾತು ಹೇಳಿಬಿಡು, ಮುಗಿದೋಗ್ಲಿ.”

ಅಮ್ಮ ಕೂರಲಿಲ್ಲ. ಕ್ಷಮೆ ಕೇಳುವುದಕ್ಕೆ ಅಂತಲೇ ಮುಖವನ್ನು ಸಿದ್ಧ ಮಾಡಿಕೊಂಡು ಬಂದಿದ್ದಳು, ಆ ಮುಖ ಹಾಗೆಯೇ ಇತ್ತು, ಕಣ್ಣು ಮಾತ್ರ ಬೇರೆ ಆಗಿತ್ತು. ಮೊದಲ ಸಲ ಆ ಗೋಡೆಯ ಕಡೆ ತಿರುಗಿ ನಿಂತು ಫೋಟೋ ನೋಡಿದಳು.

“ಇಳಿಯೋಣ ಅಂದಿದ್ದು ಯಾರು ಸಾರ್?”

ಛಲಪತಿ ನಕ್ಕರು. “ಅದು ಭಾಷಣ ಅಮ್ಮ. ಸ್ವಲ್ಪ ಆ ಕಡೆ ಈ ಕಡೆ ಆಗತ್ತೆ.”

“ನೀವೇ ಅಂದಿದ್ರೆ ನಾನು ಯಾತಕ್ಕೆ ಕ್ಷಮೆ ಕೇಳಲಿ? ನಾನು ಅಂದಿದ್ರೆ ಆ ಚಪ್ಪಾಳೆ ನಿಮಗೆ ಯಾತಕ್ಕೆ? ಎರಡರಲ್ಲಿ ಒಂದು ಇಟ್ಕೊಳ್ಳಿ, ಇನ್ನೊಂದು ಬಿಡಿ.” ಆಮೇಲೆ ಮಾಲೀಕರ ಕಡೆ ಬೆರಳು ಮಾಡಿದಳು. “ಈ ಸಾಹೇಬನಿಗಾದ್ರೂ ಗೊತ್ತಿಲ್ಲ. ನೀನು ಆ ಫೋಟೋ ತೆಗೆದ ದಿನ ನನ್ನ ಗಂಡನ ಹಗ್ಗದಲ್ಲೇ ಇದ್ದೆಯಲ್ಲ. ನಿನ್ನ ಬಾಯಿಗೂ ಬಂದಿರಲಿಲ್ಲ ಆ ಮಾತು. ಯಾರ ಕೈಗವಸೋ ಅದು, ದಿನಾ ತಲೆ ಮೇಲೆ ತೂಗಿಹಾಕ್ಕೊಂಡು ಕೂತಿದೀಯಲ್ಲ?”

ಮಾಲೀಕರು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ಛಲಪತಿ ಯಾವ ಕೈಗವಸು, ಯಾವ ಹಗ್ಗ ಅಂತ ಮಿಕಿಮಿಕಿ ನೋಡಿದರು. ಅಮ್ಮ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು.

ಮಾವ ರಸ್ತೆಯವರೆಗೆ ಹಿಂದೆಯೇ ಓಡಿಬಂದ. ಟೈರ್ ಅಂಗಡಿಯ ಮುಂದೆ ಅವಳನ್ನು ಅಡ್ಡಗಟ್ಟಿದ. “ಒಂದು ಮಾತು ಹೇಳೋಕಾಗ್ಲಿಲ್ವಾ ಅಕ್ಕ? ಅವನು ಏನಾದ್ರೂ ಬೊಗಳ್ಕೊಳ್ಲಿ, ನಿಂಗೇನು? ನಾನೇನು ತೊಟ್ಟಿಲಲ್ಲಿರೋ ಮಗುನಾ? ಅವತ್ತು ಅವನನ್ನ ಹತ್ತಿಸಿ ಇಳಿಸ್ತಿದ್ದೆ ನಾನು! ಆಕಾಶ ಹೇಗಿತ್ತು ನೋಡ್ಲಿಲ್ವಾ? ಇಡೀ ಕಣಿವೆಗೆ ಕೇಳೋ ಹಾಗೆ ನನ್ನ ಮಾನ ಕಳೆದೆ. ಈಗ ಅನ್ನಾನೂ ಕಳೆದೆ. ಇನ್ಮೇಲೆ ನಾನು ನಿನ್ನ ತಮ್ಮ ಅಲ್ಲ.”

ಅವನ ಮಾತಿನಲ್ಲೂ ನ್ಯಾಯ ಇತ್ತು, ಅದೇ ಇನ್ನೂ ಸಿಟ್ಟು ಬರಿಸುವ ಸಂಗತಿ. ಅಮ್ಮನ ಕಣ್ಣು ಅವನ ಮುಖದ ಮೇಲೆ ಇರಲೇ ಇಲ್ಲ. ಮಾವ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಸರ್ರನೆ ಎಳೆದುಕೊಂಡು, ಕಾಲರಿನ ಚಿಕ್ಕ ಗುಂಡಿಯನ್ನೂ ಚಟ್ಟನೆ ಒತ್ತಿಕೊಂಡು, ತಿರುಗಿ ನೋಡದೆ ಹೋಗಿಬಿಟ್ಟ.

“ಮಾತಾಡಲ್ವಂತೆ ಕಣಮ್ಮ,” ಅಂದೆ ನಾನು.

“ಮಾತಾಡದಿದ್ರೆ ಕತ್ತೆ ಬಾಲ. ಗುಂಡಿ ಹೆಂಗೆ ಹಾಕ್ಕೊಂಡ ನೋಡಿದ್ಯಾ?” ಅಂದಳು ಅಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. “ಒಂದೇ ಕೈಯಲ್ಲಿ.”