ಪ್ಲಾಸೆಂಟಾ ಅಂದ್ರೆ ರೊಟ್ಟಿ

ಮೊನ್ನೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಮಗಳಿಗೆ ಹೆಣ್ಣುಮಗು ಆಯ್ತು ಅಂತ ಹೇಳಿ ನರ್ಸು ಮತ್ತೆ ಬಾಗಿಲು ಹಾಕಿಕೊಂಡಳು. ನನಗೆ ಕೂರಕ್ಕಾಗದು, ನಿಲ್ಲಕ್ಕಾಗದು. ಅಜ್ಜಿ ಆಗ್ಬುಟ್ಟೆ ಅಂತ ನೆಲ ಒರೆಸೋಳಿಗೂ ಹೇಳಿದೆ. ಆಗ ಬಾಗಿಲ ಸಂದಿಯಿಂದ ಡೆಟ್ಟಾಲ್ ವಾಸನೆ ಬಂತು ನೋಡಿ, ಹಂಗಳದ ನರ್ಸಮ್ಮ ನೆನಪಾದರು...

ಕೇರಳದ ಕಡೆಯವರು. ನಮ್ಮನ್ನೆಲ್ಲ 'ಮೋಳೆ' ಅನ್ನೋರು, ಅವರ ಮಾತಲ್ಲಿ ಮಗಳೇ ಅಂತ. ಇವತ್ತು ಹೆತ್ತಿರೋ ಇದೇ ಮಗಳು ಹಂಗಳದ ನನ್ನ ತವರಲ್ಲಿ ಅವರ ಕೈಯಲ್ಲೇ ಹುಟ್ಟಿದ್ದು. ಮಗು ಬಂತು, ಹಿಂದೇನೇ ಕಸ, ಅದೇ ಮಾಸು, ಬಿತ್ತು. ನಮ್ಮಲ್ಲಿ ಆ ಕಸವನ್ನು ಯಾರ ಕಣ್ಣಿಗೂ ಬೀಳದಂಗೆ ಮಡಕೆಗೆ ಹಾಕಿ ಹಿತ್ತಲಲ್ಲಿ ಹೂಳಬೇಕು. ನರ್ಸಮ್ಮ ಮಗು ಒರೆಸೋ ಅಷ್ಟರಲ್ಲಿ ನಮ್ಮವ್ವ ಹೂತೇಬುಟ್ಟಿದ್ದಳು.

"ಅಯ್ಯೋ, ತೆಗೀರಿ ಅದನ್ನ! ನಾನು ನೋಡ್ಬೇಕು!"

"ಕಸದಲ್ಲಿ ನೋಡಕ್ಕೇನದೆ? ಹೂತಿದ್ದ ತೆಗುದ್ರೆ ಮಗಿಗೆ ಕೇಡು ಕಣವ್ವಾ" ಅಂದಳು ಅವ್ವ.

"ನಿಮ್ಮ ಮಗಳು ಬೇಡವಾ ನಿಮಗೆ?"

ಅವ್ವ ಹಿತ್ತಲ ಕಡೆ ಕೈ ತೋರಿದಳು. ನರ್ಸಮ್ಮನೇ ಓಡಿ ಹೋಗಿ ಕೈಯಲ್ಲಿ ಮಣ್ಣು ಬಗೆದು ಮಡಕೆ ತಂದರು. ಕಸ ತೊಳೆದು ತಟ್ಟೆಯಲ್ಲಿ ಹರಡಿ ಅಂಚಿಗೆಲ್ಲ ಬೆರಳು ಆಡಿಸಿದರು. ಒಂದು ಕಡೆ ಹರಿದಿತ್ತು. ಆ ತುಂಡು ನನ್ನ ಒಳಗೇ ಉಳಿದಿತ್ತು, ರಕ್ತ ನಿಲ್ಲುತ್ತಿರಲಿಲ್ಲ.

ಗುಂಡ್ಲುಪೇಟೆಗೆ ಜೀಪಲ್ಲಿ ಹಾಕ್ಕೊಂಡು ಹೊರಟರು. ದಾರಿಯುದ್ದಕ್ಕೂ ನನ್ನ ಹೊಟ್ಟೆ ಒತ್ತಿ ಹಿಡಿದಿದ್ದರು. ನನಗೋ ಕಣ್ಣು ಎಳೀತಿತ್ತು. ಮಲಗಬೇಡ ಮೋಳೆ ಅಂತ ಕೆನ್ನೆ ತಟ್ಟಿ, ಬಾಯಿಗೆ ಬಂದದ್ದೆಲ್ಲ ಹೇಳಿದರು. ಕಸಕ್ಕೆ ಡಾಕ್ಟರು ಪ್ಲಾಸೆಂಟಾ ಅಂತಾರಂತೆ. ಅದು ಲ್ಯಾಟಿನ್ ಅನ್ನೋ ಹಳೇ ಭಾಷೆಯ ಮಾತಂತೆ, ಚಪ್ಪಟೆ ರೊಟ್ಟಿ ಅಂತ. ಆ ಭಾಷೆಯೋರೂ ಅದನ್ನ ಗ್ರೀಕರ ಹತ್ತಿರ ಇಸ್ಕೊಂಡಿದ್ದಂತೆ. ದುಂಡಗೆ, ಚಪ್ಪಟೆಗೆ ಇರ್ತದಲ್ಲ, ಅದಕ್ಕೆ...

"ಹೆಸರಿಟ್ಟೋರಿಗೆ ಹೆರಿಗೆ ಮನೇಲೂ ರೊಟ್ಟೀನೇ ಕಂಡಿತಾ? ಹಸಿದಿದ್ರೇನೋ ಪಾಪ" ಅಂದೆ.

ನರ್ಸಮ್ಮ ನಕ್ಕರು, ಕಣ್ಣಲ್ಲಿ ನೀರು. "ಮಾತಾಡು ಮೋಳೆ, ಹಿಂಗೇ ಮಾತಾಡ್ತಿರು."

ಗುಂಡ್ಲುಪೇಟೆಯಲ್ಲಿ ಡಾಕ್ಟರು ತುಂಡು ತೆಗೆದರು. ಬದುಕಿಕೊಂಡೆ.

ಮಗೂಗೆ ಕತ್ತು ನಿಂತ ಮೇಲೆ ತಂದು ತೋರಿಸು ಅಂದಿದ್ದರು ನರ್ಸಮ್ಮ. ನಾನು ಬಾಣಂತನ ಮುಗಿಸಿ ನೇರ ಗಂಡನ ಊರು ಭೀಮನಬೀಡಿಗೆ ಹೋದೆ. ಕಳೆ, ಕುಯ್ಲು, ನಾಳೆ ಹೋಗನ, ನಾಡಿದ್ದು ಹೋಗನ... ಮಗಳು ಓಡಾಡೋ ಹೊತ್ತಿಗೆ ಹಂಗಳಕ್ಕೆ ಹೋದರೆ ನರ್ಸಮ್ಮನಿಗೆ ವರ್ಗ ಆಗಿತ್ತು. ತೀರಿಕೊಂಡರು ಅಂತ ಎಷ್ಟೋ ವರ್ಷದ ಮೇಲೆ ಬಸ್ಸಲ್ಲಿ ಯಾರೋ ಅಂದರು.

ಮೊನ್ನೆ ಬಾಗಿಲು ತೆಗೆದು ಮೊಮ್ಮಗಳನ್ನ ನನ್ನ ಕೈಗೆ ಕೊಟ್ಟರು. ಖುಷಿಗೆ ಎದೆಗೆ ಅವುಚಿಕೊಂಡೆ. ವರಾಂಡದಲ್ಲಿ ಇದ್ದೋರಿಗೆಲ್ಲ ತೋರಿಸಿದೆ, ಗುರುತಿಲ್ಲದೋರಿಗೂ. ನರ್ಸಮ್ಮ ಒಬ್ಬರಿಗೆ ಮಾತ್ರ ತೋರಿಸೋದು ತಡ ಮಾಡ್ಬುಟ್ಟೆ...