ತಿಕೋಟಾ ಖಾನಾವಳಿಯ ಪರದೆ

ವಿಜಯಪುರ ನಮಗೆ ಆಗಿನ್ನೂ ವಿಜಾಪುರ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ನಮ್ಮ ಮಾಲೀಕರ ದೊಡ್ಡ ಖಾನಾವಳಿ. ಅದರ ಮರಿಗಳು ಬಬಲೇಶ್ವರದಲ್ಲೊಂದು, ತಿಕೋಟಾದಲ್ಲೊಂದು. ಮೂರರಲ್ಲೂ ಒಂದೇ ರುಚಿ ಇರಬೇಕೆಂಬುದು ಅವರ ಹಟ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯನ್ನು ವಿಜಾಪುರದಲ್ಲೇ ಕುಟ್ಟಿಸಿ, ಡಬ್ಬಿಗೆ ತುಂಬಿ, ಬೆಳಗಿನ ಬಸ್ಸಿಗೆ ಕಳಿಸುತ್ತಿದ್ದರು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೂರೂ ಕಡೆ ಊಟ ನೀಡುವ ಕೆಲಸ ಮಾಡಿದೆ. ಕಣ್ಣು ಕಟ್ಟಿ ಉಣ್ಣಿಸಿದ್ದರೆ ಇದು ಯಾವ ಊರೆಂದು ನನಗೂ ತಿಳಿಯುತ್ತಿರಲಿಲ್ಲ.

ತಿಕೋಟಾದಲ್ಲಿ ಮಾತ್ರ ಒಂದು ಮೂಲೆಗೆ ಪರದೆ ಕಟ್ಟಿತ್ತು. ಹೆಂಗಸರಿಗಲ್ಲ, ಊರಲ್ಲಿ ಬೀಗರಿದ್ದವರಿಗೆ. ಸುತ್ತಲ ಹಳ್ಳಿಯವರಿಗೆಲ್ಲ ಅಲ್ಲಿ ಯಾರಾದರೊಬ್ಬರು ನೆಂಟರು ಇದ್ದೇ ಇರುತ್ತಿದ್ದರು. ನೆಂಟರಿದ್ದೂ ರೊಕ್ಕ ಕೊಟ್ಟು ಉಂಡರೆ ಆ ಮನೆಯ ಮರ್ಯಾದೆ ಹೋದಂತೆ. ಆದರೆ ಅವಸರದಲ್ಲಿದ್ದವನು, ಮನಸ್ತಾಪ ಮಾಡಿಕೊಂಡವನು ಹಸಿದು ಎಲ್ಲಿಗೆ ಹೋಗಬೇಕು? ಪರದೆಯ ಹಿಂದೆ ಬಂದು ಕೂರುತ್ತಿದ್ದ. ಬಾಗಿಲಲ್ಲಿ ಬಿಟ್ಟ ಅವನ ಚಪ್ಪಲಿಗಳನ್ನು ಒಳಗೆ ತಂದಿಡುವುದೂ ನೀಡುವವನ ಕೆಲಸವೇ. ಮುಖ ಮುಚ್ಚಿದರೇನು ಬಂತು, ನಮ್ಮ ಕಡೆಯ ಜನ ಚಪ್ಪಲಿಯ ಹೊಲಿಗೆ ನೋಡಿಯೇ ಇದು ಇಂಥವನದೆಂದು ಹೇಳಿಬಿಡುತ್ತಿದ್ದರು.

ಪ್ರತಿ ಸಂತೆಗೂ ಆ ಪರದೆಯ ಹಿಂದೆ ಉಣ್ಣುತ್ತಿದ್ದವರಲ್ಲಿ ನಮ್ಮಪ್ಪನೂ ಒಬ್ಬ. ಅಕ್ಕನನ್ನು ತಿಕೋಟಾಕ್ಕೆ ಕೊಟ್ಟಿದ್ದೆವು. ಮಗಳಿಗೆ ಮಗು ಹುಟ್ಟುವ ತನಕ ಹೆತ್ತವರು ಅವಳ ಮನೆಯಲ್ಲಿ ಉಣ್ಣಬಾರದೆಂಬುದು ನಮ್ಮ ಮನೆತನದ ನೇಮ. ಅಕ್ಕನ ಮದುವೆಯಾಗಿ ಆರು ವರ್ಷವಾದರೂ ಮಗುವಿರಲಿಲ್ಲ. ಅಪ್ಪ ನಮ್ಮೂರು ಕಳ್ಳಕವಟಗಿಯಿಂದ ಬಂದವನು ಮಗಳ ಮನೆಯ ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕುಳಿತು, ಅವಳ ಮುಖ ನೋಡಿ, ಆಮೇಲೆ ನಮ್ಮಲ್ಲಿಗೆ ಬರುತ್ತಿದ್ದ. ಅವನ ತಾಟಿಗೆ ರೊಟ್ಟಿ ಹಾಕುವಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನೇಮದ ಮೇಲೋ ಅವನ ಮೇಲೋ, ಈಗಲೂ ಹೇಳಲಾರೆ.

ಒಂದು ಸಂತೆಯ ದಿನ ಜನ ಕಿಕ್ಕಿರಿದಿದ್ದರು. ಅಪ್ಪನ ಚಪ್ಪಲಿ ಒಳಗೆ ತರುವುದನ್ನು ಮರೆತೆ. ಸಂತೆಗೆ ಬಂದಿದ್ದ ಅಕ್ಕನ ಅತ್ತೆ ಅದನ್ನು ನೋಡಿದಳು. ಕಾಯಿಪಲ್ಲೆಯನ್ನೂ ಕೊಳ್ಳದೆ ನೇರ ಮನೆಗೆ ಹೋಗಿ ಸೊಸೆಗೆ ಹೇಳಿದಳಂತೆ:

“ನಿಮ್ಮಪ್ಪ ಖಾನಾವಳ್ಯಾಗ ಉಣ್ಣಾಕತ್ತಾನ. ನಮ್ಮ ಮನ್ಯಾಗ ತೊಟ್ಟಿಲಾ ಇಲ್ಲಂತ ಊರಿಗೆಲ್ಲಾ ಡಂಗುರಾ ಹೊಡದಂಗಾತು. ಆತು, ತೊಟ್ಟಿಲಾ ಕಟ್ಟಾಕ ಇನ್ನೊಂದು ಹೆಣ್ಣು ತರ್ತೀವಿ.”

ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಗಂಡಸರೇ ತುಂಬಿದ್ದ ಖಾನಾವಳಿಯೊಳಗೆ ಸೆರಗು ಬಿಗಿದುಕೊಂಡು ನುಗ್ಗಿ, ಪರದೆ ಸರಿಸಿದಳು.

“ಯಪ್ಪಾ, ಏಳು. ಮನಿಗಿ ಬಂದು ಉಣ್ಣು.”

“ನೇಮ ಐತಿ, ಮಗಳ.”

“ಹುಟ್ಟಲಾರದ ಕೂಸಿನ ದಾರಿ ಕಾಯ್ಕೋತ, ಹುಟ್ಟಿದ ಮಗಳನ್ನ ಮನಿ ಬಿಡಸ್ತೀಯೇನು?”

ಉಣ್ಣುತ್ತಿದ್ದವರೆಲ್ಲ ತುತ್ತು ಕೈಯಲ್ಲಿ ಹಿಡಿದು ಕುಳಿತರು. ತಾಟಿನಲ್ಲಿ ಒಂದಗುಳು ಬಿಟ್ಟರೂ ನಮ್ಮನ್ನು ಬೈಯುತ್ತಿದ್ದ ಅಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ನಾನೂ ಹೆಗಲ ಮೇಲಿನ ಅರಿವೆ ಸಮೇತ ಅವರ ಹಿಂದೆ ಹೊರಟೆ. ಅದಕ್ಕೆ ಮಾಲೀಕರಿಂದ ಆಮೇಲೆ ಬೈಗುಳ ತಿಂದದ್ದು ಬೇರೆ ಮಾತು.

ಅಕ್ಕನ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅಪ್ಪ ಕಟ್ಟೆಯ ಮೇಲೆ ಕೂರಲಿಲ್ಲ.

“ಬೀಗತ್ಯಾರ, ಹಸದೀನ್ರಿ. ಒಂದ್ ರೊಟ್ಟಿ ನೀಡ್ತೀರೇನು?”

ಆಕೆ ಜಗಳಗಂಟಿಯೇ, ಆದರೆ ಹಸಿದವರಿಗೆ ಇಲ್ಲವೆನ್ನುವವಳಲ್ಲ. “ಹೊರಗ್ಯಾಕ ನಿಂತ್ರಿ, ಒಳಗ ಬರ್ರಿ” ಎಂದು ತಾನೇ ಮಣೆ ಹಾಕಿದಳು. ಅಕ್ಕ ನೀಡಿದಳು. ದಿನಕ್ಕೆ ನೂರು ಜನಕ್ಕೆ ನೀಡುವ ನಾನು ಮಾಡಲು ಕೆಲಸವಿಲ್ಲದೆ ಗೋಡೆಗೆ ಆತು ನಿಂತೆ.

ಅಕ್ಕನಿಗೆ ಮಕ್ಕಳಾಗಲೇ ಇಲ್ಲ. ತನ್ನ ಮನೆಯಲ್ಲಿ ಉಂಡ ಬೀಗನ ಮುಂದೆ ಇನ್ನೊಂದು ಹೆಣ್ಣಿನ ಮಾತೆತ್ತಲು ಅತ್ತೆಗೆ ಬಾಯಿ ಬರಲಿಲ್ಲ, ಭಾವನಿಗೂ ಅದು ಬೇಕಿರಲಿಲ್ಲ, ಸವತಿ ಬರಲಿಲ್ಲ. ಆ ದಿನ ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಕ್ಕ ನನ್ನ ಹತ್ತಿರ ಬಂದು ಹೇಳಿದಳು:

“ತಮ್ಮಾ, ಅಪ್ಪ ಉಣ್ಣೂದನ್ನ ನೋಡ್ಕೋತ ಕುಂತಿದ್ದೆ. ನನ್ನ ಕೂಸಿಗಿ ಉಣಿಸಿದಂಗಾತು.”